ಕಮಲಾದೇವಿ ಚಟ್ಟೋಪಾಧ್ಯಾಯರ ವಿದೇಶಯಾತ್ರೆಗಳೂ ಭಾರತದ ಪ್ರಾತಿನಿಧ್ಯದ ಪ್ರಶ್ನೆಯೂ (1929–1941)

ಪರರಾಷ್ಟ್ರಗಳೊಡನೆ ವ್ಯವಹರಿಸುವ ಅಧಿಕಾರವು ಸ್ವತಂತ್ರ ರಾಜ್ಯಕ್ಕೆ ಮಾತ್ರ ಸಲ್ಲತಕ್ಕದ್ದೆಂಬುದು ರಾಜನೀತಿಶಾಸ್ತ್ರದ ಸಾಮಾನ್ಯವಾದ ಮತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರ ವಿಷಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಹೇಳಿರುವ ದೂತನ ಹಿಂದೆ ಯಾವಾಗಲೂ ಒಬ್ಬ ಅರಸನಿರುವನು. ಅರಸೊತ್ತಿಗೆಯನ್ನು ಕಳೆದುಕೊಂಡ ದೇಶಕ್ಕೆ ದೂತನೆಲ್ಲಿಂದ ಬರಬೇಕು? ಈ ಪ್ರಶ್ನೆಗೆ ಭಾರತದ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಎರಡು ಉತ್ತರಗಳು ಏಕಕಾಲದಲ್ಲಿ ದೊರೆತುವು. ಒಂದು ಸರಕಾರದ ಉತ್ತರ. 1919ನೆಯ ಇಸವಿಯಲ್ಲಿ ವರ್ಸೇಲ್ಸಿನ ಕೌಲಿಗೆ ಭಾರತದ ಹೆಸರಿನಲ್ಲಿ ರುಜುವಾಯಿತು; ರುಜು ಹಾಕಿದವರಲ್ಲಿ ಬಿಕಾನೇರಿನ ಮಹಾರಾಜ ಗಂಗಾಸಿಂಹರೂ ಒಬ್ಬರು. ಅದರ ಬಲದಿಂದ ಭಾರತವು ರಾಷ್ಟ್ರಸಂಘದ ಮೂಲಸದಸ್ಯ ರಾಷ್ಟ್ರವೂ ಆಯಿತು. ಆದರೆ ಜಿನೀವಕ್ಕೆ ಹೋಗುವವರನ್ನು ಆರಿಸುತ್ತಿದ್ದವರು ಭಾರತೀಯರಲ್ಲ, ಭಾರತವನ್ನು ಆಳುತ್ತಿದ್ದವರು. ಎರಡನೆಯ ಉತ್ತರವು ಯಾವ ಕೌಲಿನಲ್ಲಿಯೂ ಬರೆದುದಲ್ಲ. ಅದು ಸ್ವಂತ ಸಂಘಗಳಿಂದ ಕಳುಹಿಸಲ್ಪಟ್ಟು, ಐರೋಪ್ಯ ನಗರಗಳಲ್ಲಿ ನೆರೆಯುತ್ತಿದ್ದ ನಾನಾ ಸಮ್ಮೇಳನಗಳಲ್ಲಿ ಆಸನವನ್ನು ಕೇಳಿ ಪಡೆದ ಜನರ ಉತ್ತರ. ಇವರಲ್ಲಿ ಕನ್ನಡನಾಡಿನ ಕರಾವಳಿಯಿಂದ ಹೊರಟ ಒಬ್ಬ ತರುಣಿಯ ಪ್ರಯಾಣಗಳು ವಿಶೇಷವಾಗಿ ವಿಚಾರಾರ್ಹವಾಗಿವೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಮಂಗಳೂರಿನಲ್ಲಿ, ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರದಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ವಿದ್ಯಾವತಿಯೂ ಸ್ವತಂತ್ರ ಸ್ವಭಾವದವರೂ ಆಗಿದ್ದರು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಮರಣಶಾಸನವನ್ನು ಬರೆಯದೆಯೇ ತೀರಿಹೋದರು. ಆಗಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು. ಗೃಹಿಣಿಯಾಗಿದ್ದವಳು ಒಂದೇ ದಿನದಲ್ಲಿ ಪರಾಶ್ರಿತಳಾಗಬಹುದೆಂಬ ಸಂಗತಿಯನ್ನು ಕಮಲಾದೇವಿಯವರು ಕಾನೂನಿನ ಗ್ರಂಥದಲ್ಲಿ ಓದುವ ಮೊದಲೇ ತಾಯಿಯ ಮನೆಯಲ್ಲಿ ಕಂಡಿದ್ದರು. ಅವರಿಗೆ 14ನೆಯ ವಯಸ್ಸಿನಲ್ಲಿ ವಿವಾಹವಾಯಿತು. ಎರಡು ವರ್ಷಗಳೊಳಗೆ ವೈಧವ್ಯವೂ ಒದಗಿತು. ಅಂದಿನ ರೂಢಿಗೆ ವಿರುದ್ಧವಾಗಿ ತಾಯಿ ಮಗಳ ಓದನ್ನು ನಿಲ್ಲಿಸಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಚಟ್ಟೋಪಾಧ್ಯಾಯ ಕುಟುಂಬದ ಪರಿಚಯವಾಗಿ, ಸರೋಜಿನೀ ನಾಯುಡುರವರ ತಮ್ಮಂದಿರಾದ ಕವಿ ಹರೀಂದ್ರನಾಥರೊಡನೆ ಅವರಿಗೆ ಪುನರ್ವಿವಾಹವಾಯಿತು. ಬಳಿಕ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು; ಕಮಲಾದೇವಿಯವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜನ್ನು ಸೇರಿ ಸಮಾಜಶಾಸ್ತ್ರವನ್ನು ವ್ಯಾಸಂಗಮಾಡಿದರು. ಅಸಹಕಾರ ಚಳವಳಿಯ ಸುದ್ದಿ ಅಲ್ಲಿಯವರೆಗೆ ಮುಟ್ಟಿತು. 1923ರಲ್ಲಿ ಸ್ವದೇಶಕ್ಕೆ ಮರಳಿ ಅವರು ಸೇರಿದ ಸಂಸ್ಥೆ ಸೇವಾದಲ. ಅದನ್ನು ಸ್ಥಾಪಿಸಿದ ಡಾಕ್ಟರ್ ನಾ. ಸು. ಹರ್ಡೀಕರರೂ ಅಮೆರಿಕೆಯಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆಯಲ್ಲಿ ದೇಶಕಾರ್ಯಮಾಡಿ ಹುಬ್ಬಳ್ಳಿಗೆ ಹಿಂದಿರುಗಿದವರೆಂಬುದು ನೆನಪಿನಲ್ಲಿಡತಕ್ಕ ವಿಷಯ.

ಈ ತರುಣಿಯನ್ನು ಸಾರ್ವಜನಿಕ ಕಣಕ್ಕೆ ಇಳಿಸಿದವರು ಐರ್ಲೆಂಡಿನವರಾದ ಮಾರ್ಗರೆಟ್ ಕಸಿನ್ಸ್. ಮದರಾಸು ಆಧಿಪತ್ಯದ ಸ್ತ್ರೀಯರಿಗೆ 1921ರಲ್ಲಿ ಮತದಾನದ ಹಕ್ಕು ದೊರೆತಿದ್ದರೂ ಶಾಸನಸಭೆಯಲ್ಲಿ ಸದಸ್ಯರಾಗಿ ಕುಳಿತುಕೊಳ್ಳುವ ಹಕ್ಕು 1926ರವರೆಗೂ ಇರಲಿಲ್ಲ. ಆ ಪ್ರತಿಬಂಧವು ತೊಲಗಿದ ಕೂಡಲೇ ಕಸಿನ್ಸರ ಒತ್ತಾಯದಿಂದ ಕಮಲಾದೇವಿಯವರು ಚುನಾವಣೆಗೆ ನಿಂತರು. ಪ್ರಚಾರಕ್ಕೆ ದೊರೆತ ಕಾಲ ಅತ್ಯಲ್ಪ. ಆದರೂ ಸೋತುದು ಸ್ವಲ್ಪವೇ ಮತಗಳ ಅಂತರದಿಂದ. ಮರುವರ್ಷ ಜನವರಿಯಲ್ಲಿ ಪೂನಾನಗರದಲ್ಲಿ ಅಖಿಲಭಾರತ ಮಹಿಳಾ ಪರಿಷತ್ತು ಮೊದಲಬಾರಿಗೆ ನೆರೆಯಿತು. ಆ ಪರಿಷತ್ತಿನ ಸಂಘಟನೆಯ ಭಾರವು ಕಮಲಾದೇವಿಯವರ ಮೇಲೆ ಬಿದ್ದಿತು. ಊರೂರು ತಿರುಗಿ ಶಾಖೆಗಳನ್ನು ಕಟ್ಟಿದ ಎರಡು ವರ್ಷಗಳ ಅನುಭವವೇ ಅವರು ವಿದೇಶಕ್ಕೆ ಹೊರಟಾಗ ಕೊಂಡೊಯ್ದ ಅಧಿಕಾರಪತ್ರವೆನ್ನಬಹುದು. ಅರಸನ ಮುದ್ರೆಯಾಗಲಿ ಮಂತ್ರಿಯ ಆಜ್ಞೆಯಾಗಲಿ ಅದರಲ್ಲಿ ಇರಲಿಲ್ಲ.

1929ನೆಯ ಇಸವಿ ಜೂನ್ ತಿಂಗಳಿನಲ್ಲಿ ಬರ್ಲಿನ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಮಹಿಳಾ ಮೈತ್ರಿಸಂಘದ ಅಧಿವೇಶನವು ಆ ಸಂಘದ ರಜತೋತ್ಸವವೂ ಆಗಿತ್ತು. ಸಂಘವು 1904ರಲ್ಲಿ ಅದೇ ನಗರದಲ್ಲಿ ಸ್ತ್ರೀಯರ ಮತದಾನಾಧಿಕಾರಕ್ಕಾಗಿ ಹುಟ್ಟಿದ್ದಿತು. ಅದರ ಮೊದಲ ಅಧ್ಯಕ್ಷೆ ಅಮೆರಿಕೆಯ ಕ್ಯಾರಿ ಚ್ಯಾಪ್‌ಮನ್ ಕ್ಯಾಟ್ ಎಂಬಾಕೆ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಹಾಲೆಂಡಿನ ಡಾಕ್ಟರ್ ಅಲೆಟ್ಟಾ ಜೇಕಬ್ಸರೊಡನೆ ಭಾರತ, ಬರ್ಮಾ, ಚೀನಗಳನ್ನು ಸುತ್ತಿ ನೋಡಿದ್ದರು. 1923ರಿಂದ ಅಧ್ಯಕ್ಷಪದವಿಯಲ್ಲಿದ್ದವರು ಇಂಗ್ಲೆಂಡಿನ ಮಾರ್ಜರಿ ಕಾರ್ಬೆಟ್ ಆಷ್ಬಿ. 1926ರ ಪ್ಯಾರಿಸ್ ಅಧಿವೇಶನಕ್ಕೆ ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೋಗಿದ್ದರು. ಆದುದರಿಂದ ಭಾರತೀಯ ಸ್ತ್ರೀಯೊಬ್ಬಳು ಈ ವೇದಿಕೆಯನ್ನು ಏರಿದುದು 1929ರಲ್ಲಿ ಹೊಸ ಸಂಗತಿಯೇನೂ ಅಲ್ಲ. ಹೊಸತಾದುದು ಆಕೆ ಅಲ್ಲಿ ಎತ್ತಿದ ಪ್ರಶ್ನೆ.

ಸಂಘದ ರಚನೆಯಲ್ಲಿಯೇ ಆ ಪ್ರಶ್ನೆಯ ಬೀಜವಿದ್ದಿತು. ಅದು ರಾಷ್ಟ್ರೀಯ ಸಂಘಗಳ ಕೂಟ. ಸದಸ್ಯತ್ವವು ವ್ಯಕ್ತಿಗೂ ಅಲ್ಲ, ಸರಕಾರಕ್ಕೂ ಅಲ್ಲ, ಒಂದೊಂದು ರಾಷ್ಟ್ರದ ಸ್ತ್ರೀಯರ ಸಂಸ್ಥೆಗೆ. ಹೀಗಿದ್ದ ಮೇಲೆ ಭಾರತೀಯ ಸ್ತ್ರೀಸಂಸ್ಥೆಗೆ ಪ್ರತ್ಯೇಕವಾದ ಆಸನವನ್ನು ಕೊಟ್ಟಾಗ, ಉದ್ದೇಶಿಸಿದ್ದರೂ ಉದ್ದೇಶಿಸದಿದ್ದರೂ, ಭಾರತವೊಂದು ರಾಷ್ಟ್ರವೆಂದು ಒಪ್ಪಿದಂತಾಯಿತು. ಲಂಡನ್ನಿನ ಪಾರ್ಲಿಮೆಂಟು ಇನ್ನೂ ಒಪ್ಪದಿದ್ದ ಮಾತನ್ನು ಸ್ತ್ರೀಯರ ಒಂದು ಕೂಟವು ತನ್ನ ನಿಬಂಧನೆಗಳ ಮೂಲಕ ಆಗಲೇ ಒಪ್ಪಿದ್ದಿತು. ಆದರೆ ಅಧಿವೇಶನದ ಮಂದಿರದಲ್ಲಿ ಒಂದೊಂದು ರಾಷ್ಟ್ರದ ಪ್ರತಿನಿಧಿಗಳಿಗೂ ಅವರವರ ಪತಾಕೆಯಿರಬೇಕೆಂದಾಗ ತೊಡಕು ಹುಟ್ಟಿತು. ಭಾರತದ ಪಾಲಿಗೆ ಇದ್ದುದು ಬ್ರಿಟನ್ನಿನ ಪತಾಕೆ ಮಾತ್ರ. ಅದರ ಕೆಳಗೆ ನಿಲ್ಲಲು ಒಪ್ಪದ ಭಾರತೀಯ ಪ್ರತಿನಿಧಿಗಳು ತಮ್ಮ ಸೀರೆಗಳನ್ನೇ ಹರಿದು, ಆ ತುಂಡುಗಳನ್ನು ಹೊಲಿದು ತ್ರಿವರ್ಣಧ್ವಜವೊಂದನ್ನು ಸಿದ್ಧಪಡಿಸಿದರೆಂದು ಈ ಪ್ರಸಂಗವನ್ನು ಕುರಿತ ವೃತ್ತಾಂತಗಳು ಹೇಳುತ್ತವೆ.

ಇಲ್ಲಿ ಒಂದು ಸಣ್ಣ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ತ್ರಿವರ್ಣವೆಂದೊಡನೆ ಇಂದಿನ ಓದುಗನ ಕಣ್ಣಿಗೆ ಕಟ್ಟುವುದು ಕೇಸರಿ, ಬಿಳುಪು, ಹಸುರುಗಳ ಧ್ವಜ. 1929ರಲ್ಲಿ ಆ ಧ್ವಜವಿರಲಿಲ್ಲ. 1921ರಿಂದ ಕಾಂಗ್ರೆಸ್ಸಿನವರು ಹಿಡಿಯುತ್ತಿದ್ದ ಸ್ವರಾಜ್ಯಧ್ವಜದಲ್ಲಿ ಮೇಲಿನಿಂದ ಕೆಳಕ್ಕೆ ಬಿಳುಪು, ಹಸುರು, ಕೆಂಪು ಎಂಬ ಮೂರು ಪಟ್ಟಿಗಳೂ ಅವುಗಳ ಮೇಲೆ ಚರಕದ ಆಕೃತಿಯೂ ಇದ್ದವು. ಕೇಸರಿಯು ಬಂದುದು 1931ರ ಧ್ವಜಸಮಿತಿಯ ಶಿಫಾರಸಿನ ಮೇಲೆ. ಆದುದರಿಂದ ಬರ್ಲಿನ್ನಿನಲ್ಲಿ ಹರಿದ ಸೀರೆಗಳಲ್ಲಿ ಕೆಂಪು ಸೀರೆಯೊಂದು ಇದ್ದಿರಬೇಕಲ್ಲದೆ ಕೇಸರಿಯದಲ್ಲ. ವಿವರವು ಕ್ಷುದ್ರವಾಗಿ ತೋರಬಹುದು. ಆದರೆ ಸ್ವಂತ ಸರಕಾರವಿಲ್ಲದ, ಇನ್ನೂ ಬಣ್ಣವೂ ಸ್ಥಿರಪಡದ ಒಂದು ಧ್ವಜಕ್ಕಾಗಿ ಆ ಸ್ತ್ರೀಯರು ಇಷ್ಟು ಹಟಹಿಡಿದರೆಂಬುದು ಇದರಿಂದ ತಿಳಿಯುತ್ತದೆ.

ಅಧಿವೇಶನದ ಚರ್ಚೆಗಳಲ್ಲಿ ಭಾರತೀಯರ ನಿಲುವು ಸುಲಭವಾದುದಾಗಿರಲಿಲ್ಲ. ಎರಡು ವರ್ಷಗಳ ಹಿಂದೆ, 1927ರಲ್ಲಿ, ಅಮೆರಿಕೆಯ ಕ್ಯಾಥರೀನ್ ಮೇಯೊ ಎಂಬ ಲೇಖಕಿಯ 'ಮದರ್ ಇಂಡಿಯ' ಎಂಬ ಗ್ರಂಥವು ಹೊರಟು, ಬಾಲ್ಯವಿವಾಹ ಮೊದಲಾದ ಅನಿಷ್ಟಗಳನ್ನು ಎತ್ತಿ ತೋರಿಸಿ, ಇಂಥ ಜನರು ಸ್ವರಾಜ್ಯಕ್ಕೆ ಅರ್ಹರಲ್ಲವೆಂಬ ಭಾವನೆಯನ್ನು ಪಾಶ್ಚಾತ್ಯರಲ್ಲಿ ಬೇರೂರಿಸಿತ್ತು. ಹೊರಗೆ ಹೋದ ಭಾರತೀಯ ಸ್ತ್ರೀಗೆ ಇದರಿಂದ ಇಬ್ಬಗೆಯ ಕಷ್ಟ ಒದಗಿತು. ಅನಿಷ್ಟವನ್ನು ಅಲ್ಲಗಳೆದರೆ ಸ್ವದೇಶದಲ್ಲಿ ಅದರ ವಿರುದ್ಧ ಹೋರಾಡುತ್ತಿದ್ದ ತನ್ನ ಸಂಸ್ಥೆಗೇ ದ್ರೋಹ; ಒಪ್ಪಿದರೆ ಮೇಯೊಳ ವಾದಕ್ಕೆ ಸಾಕ್ಷಿ. ಅಖಿಲಭಾರತ ಮಹಿಳಾ ಪರಿಷತ್ತು ಆಗ ಹರವಿಲಾಸ ಶಾರದಾರವರ ಬಾಲ್ಯವಿವಾಹ ನಿರೋಧದ ಮಸೂದೆಗಾಗಿ ಶ್ರಮಿಸುತ್ತಿದ್ದಿತು. ಅದು ಬರ್ಲಿನ್ ಅಧಿವೇಶನದ ಮೂರು ತಿಂಗಳ ಮೇಲೆ, 1929ರ ಸೆಪ್ಟೆಂಬರಿನಲ್ಲಿ, ಶಾಸನಸಭೆಯಲ್ಲಿ ಅಂಗೀಕೃತವಾಯಿತು. ಬಾಲವಿಧವೆಯಾಗಿದ್ದು ಪುನರ್ವಿವಾಹಮಾಡಿಕೊಂಡ ಕಮಲಾದೇವಿಯವರಿಗೆ ಈ ವಿಷಯದಲ್ಲಿ ಮಾತನಾಡುವ ಅರ್ಹತೆ ಮೇಯೊಗಿಂತಲೂ ಹೆಚ್ಚಾಗಿದ್ದಿತೆಂದು ಹೇಳಬೇಕಾದುದಿಲ್ಲ.

ಮತದಾನದ ವಿಷಯದಲ್ಲಂತೂ ತಕ್ಕಡಿಯು ಬೇರೆ ಕಡೆಗೆ ತೂಗುತ್ತಿದ್ದಿತು. ಆಸ್ತಿಯ ಕಟ್ಟಳೆಗೆ ಒಳಪಟ್ಟಾದರೂ ಮದರಾಸಿನ ಸ್ತ್ರೀಯು 1921ರಿಂದಲೇ ಮತ ಹಾಕಬಹುದಾಗಿತ್ತು. ಬರ್ಲಿನ್ನಿನಲ್ಲಿ ಆಕೆಯ ಪಕ್ಕದಲ್ಲಿ ಕುಳಿತ ಫ್ರಾನ್ಸಿನ ಸ್ತ್ರೀಗೆ ಆ ಹಕ್ಕು 1944ರವರೆಗೂ ಬರಲಿಲ್ಲ. ಸ್ವಿಟ್ಸರ್ಲೆಂಡಿನವಳಿಗೆ ರಾಷ್ಟ್ರೀಯ ಚುನಾವಣೆಗಳಲ್ಲಿ 1971ರವರೆಗೂ ಇಲ್ಲ. ಪೂರ್ವದ ಸ್ತ್ರೀಯರನ್ನು ಪಶ್ಚಿಮದವರು ಕೈಹಿಡಿದು ನಡೆಸಬೇಕೆಂಬ ಭಾವನೆಯು ಸಂಘದಲ್ಲಿ ಬಲವಾಗಿದ್ದ ಕಾಲದಲ್ಲಿ ಈ ಹೋಲಿಕೆಗೆ ಬೆಲೆಯಿದ್ದಿತು.

ಅದೇ ವಾರದಲ್ಲಿ ಬರ್ಲಿನ್ನಿನಲ್ಲಿ ಇನ್ನೊಂದು ಒಡಕೂ ಕಾಣಿಸಿಕೊಂಡಿತು. ಸ್ತ್ರೀಕಾರ್ಮಿಕರಿಗೆ ರಾತ್ರಿಯ ಕೆಲಸ, ಗಣಿಯ ಕೆಲಸ ಮೊದಲಾದುವನ್ನು ನಿಷೇಧಿಸುವ ವಿಶೇಷ ಶಾಸನಗಳು ಸಮಾನತೆಗೆ ವಿರುದ್ಧವಾದುವೆಂದು ಭಾವಿಸಿದವರು 'ಓಪನ್ ಡೋರ್ ಇಂಟರ್‌ನ್ಯಾಷನಲ್' ಎಂಬ ಬೇರೆ ಸಂಸ್ಥೆಯನ್ನೇ ಅಲ್ಲಿ ಸ್ಥಾಪಿಸಿದರು. ಗಂಡಸಿಗೆ ತೆರೆದ ಬಾಗಿಲು ಹೆಂಗಸಿಗೂ ತೆರೆದಿರಬೇಕೆಂಬುದು ಅವರ ವಾದ. ಭಾರತದಲ್ಲಿಯಾದರೊ ಭೂಗರ್ಭದ ಗಣಿಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಅವರನ್ನು ಕ್ರಮೇಣ ಅಲ್ಲಿಂದ ಹೊರತರುವ ನಿಬಂಧನೆಗಳು ಜಾರಿಗೆ ಬಂದುದೂ ಅದೇ 1929ರಲ್ಲಿ. ಕಮಲಾದೇವಿಯವರು ಮುಂದೆ ಸಮಾಜವಾದದ ಕಡೆಗೆ ಒಲಿದು, ಕೆಲಸಗಾರ ಹೆಂಗಸಿನ ಸ್ಥಿತಿಯನ್ನು ಬಿಟ್ಟು ಸ್ತ್ರೀಸ್ವಾತಂತ್ರ್ಯವನ್ನು ಚರ್ಚಿಸುವುದು ನಿರರ್ಥಕವೆಂಬ ಅಭಿಪ್ರಾಯವನ್ನು ದೃಢವಾಗಿ ಪ್ರತಿಪಾದಿಸಿದವರು. ಸಿರಿವಂತರ ಸಮಾನತೆಗೂ ದುಡಿಯುವವರ ಸಮಾನತೆಗೂ ಇರುವ ಅಂತರವನ್ನು ಎದುರೆದುರಾಗಿ ನೋಡುವ ಅವಕಾಶವು ಅವರಿಗೆ ಬರ್ಲಿನ್ನಿನಲ್ಲಿ ಒದಗಿತು.

ಅಲ್ಲಿಂದ ಅವರು ಹೋದುದು ಫ್ರಾಂಕ್‌ಫರ್ಟಿಗೆ. ಜುಲೈ ತಿಂಗಳ ಕೊನೆಯಲ್ಲಿ ಅಲ್ಲಿ ನೆರೆದುದು ಸಾಮ್ರಾಜ್ಯಶಾಹಿವಿರೋಧೀ ಸಂಘದ ಎರಡನೆಯ ಮಹಾಧಿವೇಶನ. 1927ರ ಫೆಬ್ರವರಿಯಲ್ಲಿ ಬ್ರಸೆಲ್ಸಿನಲ್ಲಿ ಅದು ಹುಟ್ಟಿದಾಗ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿ ಜವಾಹರಲಾಲ್ ನೆಹರೂರವರು ಹಾಜರಿದ್ದರು. ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರು, ಬರ್ಲಿನ್ನಿನಲ್ಲಿ ನೆಲಸಿದ್ದ ಕ್ರಾಂತಿಕಾರಿ ವೀರೇಂದ್ರನಾಥ ಚಟ್ಟೋಪಾಧ್ಯಾಯರು, ಅಂದರೆ ಕಮಲಾದೇವಿಯವರ ಭಾವ. ಜೂನಿನಲ್ಲಿ ಸ್ತ್ರೀಯರ ಪ್ರಶ್ನೆಯೇ ಮುಖ್ಯವಾಗಿ, ಸಾಮ್ರಾಜ್ಯದ ಪ್ರಶ್ನೆಯನ್ನು ಅತಿಥಿಗಳು ಹೊರಗಿನಿಂದ ಒಳಕ್ಕೆ ತರಬೇಕಾಗಿದ್ದಿತು. ಜುಲೈಯಲ್ಲಿ ಸಾಮ್ರಾಜ್ಯದ ಪ್ರಶ್ನೆಯೇ ಸರ್ವಸ್ವ. ಅದೇ ವರ್ಷದ ಮಾರ್ಚಿಯಲ್ಲಿ ಭಾರತದ ಕಾರ್ಮಿಕ ನಾಯಕರನ್ನು ಹಿಡಿದು ಮೀರತ್ತಿನ ಒಳಸಂಚಿನ ಮೊಕದ್ದಮೆಯನ್ನು ಹೂಡಿದ್ದುದರಿಂದ ಫ್ರಾಂಕ್‌ಫರ್ಟಿನಲ್ಲಿ ಭಾರತದ ಮಾತಿಗೆ ವಿಶೇಷವಾದ ಕಾವು ಇದ್ದಿತು.

ಆದರೆ ಅಲ್ಲಿಯೂ ಮನಸ್ಸು ನೆಮ್ಮದಿಯಾಗುವಂತಿರಲಿಲ್ಲ. ಬ್ರಸೆಲ್ಸಿನಲ್ಲಿ ನಾನಾ ಮತದವರನ್ನು ಒಂದೇ ಚಪ್ಪರದ ಕೆಳಗೆ ಕೂಡಿಸಿದ್ದ ಸಂಘವು ಎರಡು ವರ್ಷಗಳಲ್ಲಿ ಮಾಸ್ಕೋದ ಹೊಸ ನೀತಿಗೆ ಒಳಗಾಗಿ, ಕಮ್ಯೂನಿಸ್ಟರಲ್ಲದ ರಾಷ್ಟ್ರೀಯವಾದಿಗಳನ್ನೂ ಸಮಾಜವಾದಿಗಳನ್ನೂ ಸಂದೇಹದಿಂದ ನೋಡತೊಡಗಿದ್ದಿತು. ಬ್ರಿಟನ್ನಿನ ಕಾರ್ಮಿಕ ಮುಂದಾಳಾದ ಜೇಮ್ಸ್ ಮ್ಯಾಕ್ಸ್ಟನ್ನರ ಮೇಲೆಯೂ ಖಂಡನೆಯ ಸುರಿಮಳೆಯಾಯಿತು. 1930ರಲ್ಲಿ ನೆಹರೂರವರಿಗೂ ಸಂಘಕ್ಕೂ ಸಂಬಂಧ ಕಡಿಯಿತು. ವೀರೇಂದ್ರನಾಥರ ಗತಿಯು ಇದಕ್ಕಿಂತಲೂ ದಾರುಣವಾದುದು: ಅವರು ಆಶ್ರಯವನ್ನು ಅರಸಿ ಹೋದ ರಷ್ಯಾದಲ್ಲಿಯೇ 1937ರಲ್ಲಿ ಸ್ಟಾಲಿನ್ನನ ಶುದ್ಧೀಕರಣಕ್ಕೆ ಬಲಿಯಾದರು. ಕಮಲಾದೇವಿಯವರು 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸಮಾಜವಾದೀ ಪಕ್ಷವನ್ನು ಸೇರಿ 1936ರಲ್ಲಿ ಅದರ ಮೀರತ್ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿದರೂ ಕಮ್ಯೂನಿಸ್ಟರ ಪಾಳೆಯಕ್ಕೆ ಸೇರದಿದ್ದುದನ್ನು ನೋಡಿದರೆ ಫ್ರಾಂಕ್‌ಫರ್ಟಿನ ಪಾಠವು ವ್ಯರ್ಥವಾಗಲಿಲ್ಲವೆಂದು ತೋರುತ್ತದೆ.

ಭಾರತದ ಪರವಾಗಿ ಯಾರು ಮಾತನಾಡಬೇಕೆಂಬ ಜಗಳವು ಆ ವರ್ಷ ಲಂಡನ್ನಿನಲ್ಲಿಯೂ ಬಹಿರಂಗವಾಯಿತು. ಪಾರ್ಲಿಮೆಂಟಿನ ಸದಸ್ಯೆಯಾಗಿ ಆಗತಾನೆ ಚುನಾಯಿತರಾಗಿದ್ದ ಎಲಿನರ್ ರಾತ್‌ಬೋನರು ಅಕ್ಟೋಬರಿನಲ್ಲಿ ಕ್ಯಾಕ್ಸ್‌ಟನ್ ಹಾಲಿನಲ್ಲಿ ಭಾರತದ ಸ್ತ್ರೀಯರ ಸ್ಥಿತಿಯನ್ನು ಕುರಿತು ಒಂದು ಸಮ್ಮೇಳನವನ್ನು ಕರೆದರು. ವೇದಿಕೆಯಲ್ಲಿ ಇದ್ದವರೆಲ್ಲರೂ ಆಂಗ್ಲೇಯರು. ಸಭಿಕರ ನಡುವೆ ಎದ್ದುನಿಂತು ಇದನ್ನು ಪ್ರತಿಭಟಿಸಿದವರು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನವಂತಿ ರಾಮರಾಯರು. ಅವರ ಪತಿ ಬೆನೆಗಲ್ ರಾಮರಾಯರು ಸರಕಾರದ ದೊಡ್ಡ ಅಧಿಕಾರಿಗಳಾಗಿದ್ದರೂ ಪತ್ನಿಯ ಬಾಯನ್ನು ಅದು ಕಟ್ಟಲಿಲ್ಲ. ಸುಧಾರಣೆಯ ಕೆಲಸವನ್ನು ಭಾರತೀಯ ಸ್ತ್ರೀಯರು ತಾವೇ ಕೈಕೊಂಡಿರುವಾಗ ಅವರನ್ನು ಬಿಟ್ಟು ಅವರ ವಿಷಯವನ್ನು ತೀರ್ಮಾನಿಸುವ ಹಕ್ಕು ಪರದೇಶದವರಿಗಿಲ್ಲವೆಂಬುದು ಅವರ ಆಕ್ಷೇಪಣೆಯ ಸಾರ.

ಮರುವರ್ಷ ಕಮಲಾದೇವಿಯವರ ಕಾರ್ಯಕ್ಷೇತ್ರವು ಮುಂಬಯಿಗೆ ಬಂದಿತು. ಉಪ್ಪಿನ ಸತ್ಯಾಗ್ರಹದಲ್ಲಿ ಮೊದಲು ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ದಂಡಿಯ ಯಾತ್ರೆಗೆ ಗಾಂಧೀಜಿಯವರು ಆರಿಸಿದವರೆಲ್ಲರೂ ಗಂಡಸರು. ಸ್ತ್ರೀಯರನ್ನೂ ಸೇರಿಸಿಕೊಳ್ಳಬೇಕೆಂದು ಅವರನ್ನು ಒಡಂಬಡಿಸಲು ಹೋದವರಲ್ಲಿ ಕಮಲಾದೇವಿಯವರು ಮುಖ್ಯರು. ಮುಂಬಯಿಯಲ್ಲಿ ಉಪ್ಪಿನ ಕಾನೂನನ್ನು ಮುರಿದ ಮೊದಲ ತಂಡದ ಏಳು ಜನರಲ್ಲಿ ಇಬ್ಬರು ಹೆಂಗಸರು: ಅವಂತಿಕಾಬಾಯಿ ಗೋಖಲೆಯವರೂ ಕಮಲಾದೇವಿಯವರೂ. ಷೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣಗಳನ್ನು ಮಾರಿದುದೂ, ನ್ಯಾಯಾಲಯದೊಳಕ್ಕೆ ಹೋಗಿ ನ್ಯಾಯಾಧೀಶನನ್ನೇ ಉಪ್ಪು ಕೊಳ್ಳುವಿರಾ ಎಂದು ಕೇಳಿದುದೂ, ಪೋಲೀಸರು ಕಿತ್ತುಕೊಳ್ಳಲು ಬಂದ ಧ್ವಜವನ್ನು ಬಿಡದೆ ಅಪ್ಪಿಕೊಂಡು ನಿಂತುದೂ ಆ ದಿನಗಳಲ್ಲಿ ಮನೆಮಾತಾಗಿದ್ದ ಸಂಗತಿಗಳು. ಬರ್ಲಿನ್ನಿನಲ್ಲಿ ಹೊಲಿದ ಧ್ವಜಕ್ಕೂ ಇದಕ್ಕೂ ಒಂಬತ್ತು ಹತ್ತು ತಿಂಗಳ ಅಂತರ ಮಾತ್ರ. ಇದರ ಫಲ ಕಾರಾಗೃಹವಾಸ. (ಸೆರೆಯಿಂದ ಹೊರಬಂದ ಕಾಲದಲ್ಲಿಯೇ, 1931ರಲ್ಲಿ, ಟಿ. ಪಿ. ಕೈಲಾಸಂ ಅವರೂ ನಟಿಸಿದ್ದ 'ಮೃಚ್ಛಕಟಿಕ' ಮೂಕಚಿತ್ರದಲ್ಲಿ ಕಮಲಾದೇವಿಯವರು ಕಾಣಿಸಿಕೊಂಡುದು ತೆರೆಗೆ ಬಂದಿತು. ಕುಲೀನ ಸ್ತ್ರೀಯು ನಟಿಸಬಾರದೆಂಬ ಕಾಲದಲ್ಲಿ ಇದಕ್ಕೂ ಧೈರ್ಯ ಬೇಕಾಗಿದ್ದಿತು.)

1930ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ದುಂಡುಮೇಜಿನ ಪರಿಷತ್ತು ಕೂಡಿತು. ಭಾರತದ ಸ್ತ್ರೀಯರ ಪರವಾಗಿ ಸರಕಾರವು ನೇಮಿಸಿದವರು ಇಬ್ಬರು: ಪಂಜಾಬಿನ ಬೇಗಮ್ ಷಾ ನವಾಜ್ ಮತ್ತು ಮದರಾಸಿನ ರಾಧಾಬಾಯಿ ಸುಬ್ಬರಾಯನ್. ಈ ರಾಧಾಬಾಯಿಯವರೂ ಮಂಗಳೂರಿನವರೇ; ದಲಿತವರ್ಗದವರ ಉದ್ಧಾರಕ್ಕಾಗಿ ಜೀವವನ್ನೇ ತೇದ ಕುದ್ಮುಲ್ ರಂಗರಾಯರ ಮಗಳು, ಆಕ್ಸ್‌ಫರ್ಡಿನಲ್ಲಿ ಓದಿದವರು. ಒಂದೇ ಊರಿನ, ಒಂದೇ ಸಮಾಜದ, ಸುಧಾರಕ ಸಂಸ್ಕಾರದಲ್ಲಿಯೇ ಬೆಳೆದ ಇಬ್ಬರಲ್ಲಿ ಒಬ್ಬರನ್ನು ಅದೇ ವರ್ಷ ಸರಕಾರವು ಅರಮನೆಗೆ ಕರೆಯಿತು, ಇನ್ನೊಬ್ಬರನ್ನು ಸೆರೆಮನೆಗೆ ಕಳುಹಿಸಿತು. ಅಭಿಪ್ರಾಯಭೇದವೂ ನಿಜವಾದುದೇ. ಸ್ತ್ರೀಯರಿಗೆ ಕೆಲವು ಕಾಲವಾದರೂ ಮೀಸಲು ಸ್ಥಾನಗಳಿರಬೇಕೆಂದು ರಾಧಾಬಾಯಿಯವರು ವಾದಿಸಿದರು. ಮಹಿಳಾ ಪರಿಷತ್ತು ಮೊದಲಾದ ಸಂಸ್ಥೆಗಳು ಮೀಸಲನ್ನು ತಿರಸ್ಕರಿಸಿ, ಎಲ್ಲ ವಯಸ್ಕರಿಗೂ ಮತಾಧಿಕಾರವನ್ನು ಕೇಳಿದುವು. ನೇಮಕವಾದುದರಿಂದಲೇ ರಾಧಾಬಾಯಿಯವರ ಮಾತು ಪೊಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶಾಸನಸಭೆಗಳಲ್ಲಿ ಸ್ತ್ರೀಯರ ಸಂಖ್ಯೆಯು ಮುಂದೆ ಎಷ್ಟೋ ದಶಕಗಳವರೆಗೆ ಅತ್ಯಲ್ಪವಾಗಿಯೇ ಉಳಿದುದನ್ನು ನೋಡಿದರೆ ಅವರ ಸಂಶಯವು ನಿರಾಧಾರವಾದುದಲ್ಲ. ಆದರೆ ಅವರು ಯಾರ ಪ್ರತಿನಿಧಿಯೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ದೌರ್ಬಲ್ಯವು ಅವರ ವಾದದ್ದಲ್ಲ, ನೇಮಕದ್ದು.

ಹೀಗೆ ಪಶ್ಚಿಮದ ವೇದಿಕೆಗಳ ಮಿತಿಯು ಅರಿವಿಗೆ ಬಂದಂತೆ ಪೂರ್ವದವರು ತಾವೇ ನೆರೆಯಬೇಕೆಂಬ ಯೋಚನೆಯೂ ಬಲಿಯಿತು. 1931ರ ಜನವರಿಯಲ್ಲಿ ಲಾಹೋರಿನಲ್ಲಿ ಅಖಿಲ ಏಷ್ಯಾ ಮಹಿಳಾ ಪರಿಷತ್ತು ಕೂಡಿತು. ಅದರ ಹಿಂದಿನ ಶ್ರಮವೂ ಬಹುಮಟ್ಟಿಗೆ ಮಾರ್ಗರೆಟ್ ಕಸಿನ್ಸರದೇ.

ಎರಡನೆಯ ಪ್ರಯಾಣವು ನಡೆದುದು ಹತ್ತು ವರ್ಷಗಳ ಮೇಲೆ. 1939ರ ಜುಲೈಯಲ್ಲಿ ಮೈತ್ರಿಸಂಘವು ಕೋಪನ್‌ಹೇಗನ್ನಿನಲ್ಲಿ ನೆರೆದಾಗ ಯುರೋಪಿನ ರೂಪವೇ ಬದಲಾಗಿದ್ದಿತು. 1929ರಲ್ಲಿ ಅತಿಥೇಯರಾಗಿದ್ದ ಜರ್ಮನಿಯ ಸ್ತ್ರೀಸಂಘಗಳನ್ನು ಹಿಟ್ಲರನ ಆಳಿಕೆಯು ನಿರ್ನಾಮಮಾಡಿದ್ದಿತು. ಚೆಕೊಸ್ಲೊವಾಕಿಯವು ಭೂಪಟದಿಂದ ಅಳಿಸಿಹೋಗಿದ್ದಿತು. ಸಂಘವು ಸಹಜವಾಗಿಯೇ ಪ್ರಜಾಪ್ರಭುತ್ವದ ರಕ್ಷಣೆಯನ್ನು ಕುರಿತು ಉತ್ಸಾಹದಿಂದ ಮಾತನಾಡಿತು. ಮೂವತ್ತಾರು ವರ್ಷದವರಾಗಿ, ಹಲವು ಬಾರಿ ಸೆರೆಮನೆಯನ್ನು ಕಂಡು ಬಂದಿದ್ದ ಕಮಲಾದೇವಿಯವರಿಗೆ ಈ ಮಾತು ಅರ್ಧ ಸತ್ಯವಾಗಿ ಕೇಳಿಸಿತು. ಸರ್ವಾಧಿಕಾರವನ್ನು ಖಂಡಿಸುವ ರಾಷ್ಟ್ರಗಳೇ ಏಷ್ಯಾ ಆಫ್ರಿಕಗಳಲ್ಲಿ ಕೋಟ್ಯನುಕೋಟಿ ಜನರನ್ನು ಅವರ ಸಮ್ಮತಿಯಿಲ್ಲದೆ ಆಳುತ್ತಿರುವಾಗ ಆ ಖಂಡನೆಯ ಬೆಲೆಯೇನು ಎಂಬುದು ಅವರ ವಾದ. ಈಜಿಪ್ಟಿನ ಸ್ತ್ರೀಯರ ನಾಯಕಿ ಹುದಾ ಷಾರಾವಿಯವರಿಗೂ ಅಲ್ಲಿ ಇಂಥದೇ ನಿರಾಶೆ ಒದಗಿತು. 1923ರ ರೋಮ್ ಅಧಿವೇಶನದಿಂದ ಮರಳಿದಾಗ ಮುಸುಕನ್ನು ತೆಗೆದುಹಾಕಿ ಹೆಸರಾದ, ಸಂಘದ ಹಳೆಯ ಮಿತ್ರಳಾದ ಆಕೆ ಎತ್ತಿದ ಪ್ಯಾಲೆಸ್ತೀನಿನ ಅರಬ್ಬರ ಪ್ರಶ್ನೆಗೆ ಅಧಿವೇಶನದಲ್ಲಿ ಬೆಂಬಲ ದೊರೆಯಲಿಲ್ಲ.

ಮೈತ್ರಿಸಂಘದವರನ್ನು ಇದಕ್ಕಾಗಿ ಕಪಟಿಗಳೆಂದು ಕರೆಯುವುದು ಸುಲಭ. ಆದರೆ ಅದು ಪೂರ್ತಿ ಸರಿಯಲ್ಲ. ಕಾರ್ಬೆಟ್ ಆಷ್ಬಿಯಂಥವರು ತಮ್ಮ ದೇಶದಲ್ಲಿ ಮತಾಧಿಕಾರಕ್ಕಾಗಿ ಜೀವಮಾನದ ಬಹುಭಾಗವನ್ನು ಸವೆಸಿದವರು. ರಾಷ್ಟ್ರರಾಜಕಾರಣದ ವಿಷಯದಲ್ಲಿ ಸಂಘವು ತಟಸ್ಥವಾಗಿರಬೇಕೆಂಬುದು ಅವರ ಹಳೆಯ ನಿಯಮ. ಅದಿಲ್ಲದಿದ್ದರೆ ಫ್ರಾನ್ಸು ಜರ್ಮನಿಗಳ ಸ್ತ್ರೀಯರು ಮೊದಲ ಮಹಾಯುದ್ಧದ ಮೇಲೆ ಒಂದೇ ಕೊಠಡಿಯಲ್ಲಿ ಕೂರುತ್ತಿರಲಿಲ್ಲ. ಎರಡು ರಾಷ್ಟ್ರಗಳ ಜಗಳದಲ್ಲಿ ತಟಸ್ಥವಾಗಿರುವುದು ಒಂದು. ಆಳುವ ದೇಶಕ್ಕೂ ಆಳಿಸಿಕೊಳ್ಳುವ ದೇಶಕ್ಕೂ ನಡುವೆ ತಟಸ್ಥವಾಗಿರುವುದು ಇನ್ನೊಂದು. ಎರಡನೆಯದು ಆಳುವವರ ಕಡೆಗೇ ವಾಲುವುದೆಂಬುದು ಆಳುವ ದೇಶದಿಂದ ಬಂದವರಿಗೆ ಕಾಣಿಸುತ್ತಿರಲಿಲ್ಲ. ಅದೇ ವರ್ಷ ಪ್ರಕಟವಾದ, ಭಾರತೀಯ ಸ್ತ್ರೀಯರ 'ಜಾಗೃತಿ'ಯನ್ನು ಕುರಿತ ಕಮಲಾದೇವಿಯವರ ಇಂಗ್ಲೀಷ್ ಪುಸ್ತಕದಲ್ಲಿ ಸ್ತ್ರೀಯರ ಪ್ರಶ್ನೆಯನ್ನೂ ದೇಶದ ಬಿಡುಗಡೆಯನ್ನೂ ಆರ್ಥಿಕ ರಚನೆಯನ್ನೂ ಬೇರೆ ಬೇರೆಯಾಗಿಸದೆ ನೋಡಿರುವ ರೀತಿಗೆ ಈ ಅನುಭವಗಳು ಹಿನ್ನೆಲೆಯಾಗಿವೆ.

ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧವನ್ನು ಸಾರಿತು. ಭಾರತೀಯರನ್ನು ಕೇಳದೆಯೇ ಭಾರತವೂ ಯುದ್ಧದಲ್ಲಿದೆಯೆಂದು ವೈಸರಾಯರು ಘೋಷಿಸಿದರು. ಯುರೋಪಿನಲ್ಲಿದ್ದ ಕಮಲಾದೇವಿಯವರು ಹಿಂದಿರುಗುವ ಬದಲು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕೆಗೆ ಹೋದರು. ಸಮ್ಮೇಳನಕ್ಕೆಂದು ಹೊರಟ ಯಾತ್ರೆಯು ಹೀಗೆ ಭೂಪ್ರದಕ್ಷಿಣೆಯಾಯಿತು. ಸುಮಾರು ಒಂದೂವರೆ ವರ್ಷ ಅವರು ಆ ದೇಶದ ನಾನಾ ಭಾಗಗಳಲ್ಲಿ ಸಂಚರಿಸಿ ಭಾರತದ ಪರವಾಗಿ ಭಾಷಣಮಾಡಿದರು. ಸಂತಾನನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್, ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಮೊದಲಾದವರನ್ನು ಕಂಡರು. ಸೆರೆಮನೆಗಳನ್ನೂ ಮೂಲನಿವಾಸಿಗಳ ವಸತಿಗಳನ್ನೂ ನೀಗ್ರೋ ಜನರ ಬೀದಿಗಳನ್ನೂ ನೋಡಿದರು.

ದಕ್ಷಿಣದ ಲೂಯಿಸಿಯಾನ ಪ್ರಾಂತದಲ್ಲಿ ರೈಲಿನಲ್ಲಿ ನಡೆದ ಒಂದು ಪ್ರಸಂಗವು ಅವರ ಎಲ್ಲ ಸಮ್ಮೇಳನಭಾಷಣಗಳಿಗಿಂತಲೂ ಹೆಚ್ಚು ಅರ್ಥವತ್ತಾಗಿದೆ. ಬಿಳಿಯರಿಗೆ ಮೀಸಲಾದ ಡಬ್ಬಿಯಲ್ಲಿ ಕುಳಿತಿದ್ದ ಅವರನ್ನು ಟಿಕೀಟು ನೋಡುವವನು ಎದ್ದುಹೋಗೆಂದನು. ಅವರು ಕದಲಲಿಲ್ಲ. ಅವನಿಗೆ ಸಂಶಯ ಬಂದು, ಯಾವ ದೇಶದವರೆಂದು ವಿಚಾರಿಸಿದನು. ವಿದೇಶೀಯಳಾದ ಭಾರತೀಯಳೆಂದು ಒಂದು ಮಾತು ಹೇಳಿದ್ದರೆ ಅವರನ್ನು ಅಲ್ಲಿಯೇ ಬಿಟ್ಟುಹೋಗುವ ಸಂಭವವಿದ್ದಿತು. ಕರಿಯರ ಮೇಲಿನ ಕಟ್ಟಳೆಯು ಪರದೇಶದ ಅತಿಥಿಗೆ ಸಡಿಲವಾಗುತ್ತಿದ್ದುದುಂಟು. ಕಮಲಾದೇವಿಯವರು ಆ ರಿಯಾಯಿತಿಯನ್ನು ಬೇಡಲಿಲ್ಲ. ತಾನು ಯಾವ ದೇಶದವಳಾದರೇನು, ಬಿಳಿಯಳಲ್ಲವೆಂಬುದು ಕಾಣುತ್ತಲೇ ಇದೆ, ಏಳುವುದಿಲ್ಲ ಎಂಬ ಭಾವದ ಉತ್ತರವನ್ನು ಕೊಟ್ಟು ಕುಳಿತೇ ಇದ್ದರು. ಅವನು ಗೊಣಗಿಕೊಂಡು ಹೊರಟುಹೋದನು. ಬರ್ಲಿನ್ನಿನಲ್ಲಿ ಭಾರತೀಯಳೆನ್ನಿಸಿಕೊಳ್ಳಲು ಸೀರೆಯನ್ನು ಹರಿದವರು ಇಲ್ಲಿ ಭಾರತೀಯಳೆಂಬ ಹೆಸರನ್ನು ಬೇಕೆಂದೇ ಮರೆಮಾಡಿದರು. ಎರಡು ವರ್ತನೆಗಳಲ್ಲಿ ವಿರೋಧವಿಲ್ಲ. ಅಲ್ಲಿ ಆ ಹೆಸರು ಹಕ್ಕನ್ನು ಕೇಳುವ ಸಾಧನ. ಇಲ್ಲಿ ಇತರರಿಗೆ ಇಲ್ಲದ ವಿನಾಯಿತಿಯನ್ನು ಕದಿಯುವ ಸಾಧನವಾಗುತ್ತಿದ್ದಿತು.

ಅಮೆರಿಕೆಯಿಂದ ಅವರು ಶಾಂತಸಾಗರದ ಮಾರ್ಗವಾಗಿ ಜಪಾನಿಗೂ ಅಲ್ಲಿಂದ ಚೀನಕ್ಕೂ ಹೋದರು. ಏಷ್ಯಾದವರಿಗೇ ಏಷ್ಯಾ ಎಂಬ ಜಪಾನೀಯರ ಘೋಷಣೆಗೆ ಅನೇಕ ಭಾರತೀಯ ದೇಶಭಕ್ತರು ಒಲಿದಿದ್ದ ಕಾಲವದು. ಕಮಲಾದೇವಿಯವರು ಒಲಿಯಲಿಲ್ಲ, ಚೀನದ ಮೇಲಿನ ಆಕ್ರಮಣವು ಸಾಮ್ರಾಜ್ಯಶಾಹಿಯೇ, ಅದನ್ನು ಮಾಡಿದವರ ಬಣ್ಣದಿಂದ ಅದರ ಬಣ್ಣ ಬದಲಾಗದು ಎಂಬ ಅಭಿಪ್ರಾಯವನ್ನು ಜಪಾನಿನ ನೆಲದಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಿದರು. ಬಾಂಬುಗಳು ಬೀಳುತ್ತಿದ್ದ ಚುಂಗ್‌ಕಿಂಗನ್ನು ನೋಡಿಕೊಂಡು 1941ರಲ್ಲಿ ಸ್ವದೇಶಕ್ಕೆ ಮರಳಿದ ಅವರಿಗೆ ಮತ್ತೆ ಸೆರೆಮನೆಯೇ ಕಾದಿದ್ದಿತು. ಚೀನ, ಜಪಾನ್, ಅಮೆರಿಕಗಳನ್ನು ಕುರಿತ ಅವರ ಇಂಗ್ಲೀಷ್ ಪುಸ್ತಕಗಳು ಅದೇ ದಶಕದಲ್ಲಿ ಒಂದರ ಮೇಲೊಂದು ಹೊರಬಂದುವು. ಅವು ಪ್ರವಾಸಕಥನಗಳಿಗಿಂತ ಹೆಚ್ಚಾಗಿ ರಾಜಕೀಯ ಸಮೀಕ್ಷೆಗಳು. 'ಅಂಕಲ್ ಸ್ಯಾಮನ ಸಾಮ್ರಾಜ್ಯ'ವೆಂಬರ್ಥದ ಹೆಸರನ್ನು ಹೊತ್ತು 1944ರಲ್ಲಿ ಹೊರಟ ಪುಸ್ತಕದಲ್ಲಿ, ಭಾರತೀಯರು ಅಮೆರಿಕೆಯನ್ನು ತಮ್ಮ ಬಿಡುಗಡೆಯ ಮಿತ್ರನೆಂದು ನಂಬಿದ್ದಾಗಲೇ, ಆ ನಂಬಿಕೆಯನ್ನು ಅವರು ಪ್ರಶ್ನಿಸಿದರು. 1944–45ರಲ್ಲಿ ಮಹಿಳಾ ಪರಿಷತ್ತಿನ ಅಧ್ಯಕ್ಷಪದವಿಯೂ ಅವರಿಗೆ ಬಂದಿತು.

ಪ್ರಾತಿನಿಧ್ಯದ ಪ್ರಶ್ನೆಯು ಇತ್ಯರ್ಥವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯ ಸನ್ನದು ಸಿದ್ಧವಾದಾಗಲೂ ಒಳಗೆ ಭಾರತದ ಹೆಸರಿನಲ್ಲಿ ಕುಳಿತವರು, ಮುಂದಿನ ವರ್ಷ ಮೈಸೂರಿನ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರ ನೇತೃತ್ವದ ಸರಕಾರೀ ಪ್ರತಿನಿಧಿಗಳು. ಹೊರಗೆ ನಿಂತು ಭಾರತದ ಪರವಾಗಿ ಮಾತನಾಡಿದವರು ವಿಜಯಲಕ್ಷ್ಮೀ ಪಂಡಿತರು. ಎರಡು ವರ್ಷಗಳ ಮೇಲೆ ಸಂಸ್ಥೆಯ ಮಾನವಹಕ್ಕುಗಳ ಆಯೋಗಕ್ಕೆ ಹಂಸಾ ಮೆಹತಾರವರೂ, ಸ್ತ್ರೀಯರ ಸ್ಥಾನಮಾನವನ್ನು ಕುರಿತ ಆಯೋಗಕ್ಕೆ ಬೇಗಮ್ ಷರೀಫಾ ಹಮೀದ್ ಆಲಿಯವರೂ ಭಾರತದ ಅಧಿಕೃತ ಪ್ರತಿನಿಧಿಗಳಾಗಿ ಹೋದರು. ಇಬ್ಬರೂ ಮಹಿಳಾ ಪರಿಷತ್ತಿನ ಕೆಲಸದಲ್ಲಿ ನುರಿತವರು. ಮಾನವಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ 'ಎಲ್ಲ ಪುರುಷರು' ಎಂದರ್ಥ ಬರುವಂತಿದ್ದ ಮಾತನ್ನು ತೆಗೆಯಿಸಿ 'ಎಲ್ಲ ಮಾನವರು' ಎಂದು ಮಾಡಿಸಿದವರು ಹಂಸಾ ಮೆಹತಾರವರು. 1948ರ ಡಿಸೆಂಬರ್ 10ರಂದು ಅಂಗೀಕೃತವಾದ ಘೋಷಣೆಯಲ್ಲಿ ಆ ತಿದ್ದುಪಡಿಯೇ ನಿಂತಿದೆ.